ತಕ್ಕಡಿ ನಮ್ಮ ಕೈಯಲ್ಲಿರುವಾಗ



ತರೀಕೆರೆಯಿಂದ ಲಿಂಗದಹಳ್ಳಿಯ ಮಾರ್ಗವಾಗಿ ಕೆಮ್ಮಣ್ಣುಗುಂಡಿಗೆ ಹತ್ತಿ, ಅಲ್ಲಿಂದ ಜೀಪಿನಲ್ಲಿ ಹೆಬ್ಬೆಗೆ ಇಳಿಯುವವರನ್ನು ನೀವು ನೋಡಿರಬಹುದು. ನಿಮ್ಮಲ್ಲಿ ಹಲವರು ಮಕ್ಕಳನ್ನು ಕರೆದುಕೊಂಡು ಹೋಗಿಯೂ ಇರಬಹುದು. ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂದು ಎರಡು ಹಂತಗಳಲ್ಲಿ ಸುಮಾರು 550 ಅಡಿ ಧುಮುಕುವ ಆ ನೀರಿನ ಮುಂದೆ ನಿಂತವನ ನಾಲಗೆಯಲ್ಲಿ ತಾನಾಗಿಯೇ 'ಸುಬ್‌ಹಾನಲ್ಲಾಹ್' ಎಂಬ ಉದ್ಗಾರ ಬರುತ್ತದೆ. ಬರಬೇಕಾದದ್ದೇ. ಆದರೆ ಇಂದು ನಾನು ಹೇಳಬೇಕೆಂದಿರುವುದು ಆ ನೀರಿನ ವಿಷಯವಲ್ಲ. ಆ ಗುಡ್ಡಗಳ ಕಾಫಿ ತೋಟಗಳಲ್ಲಿ, ಕೊಯ್ಲಿನ ದಿನಗಳ ಸಂಜೆ, ಮರದ ಕೊಂಬೆಗೋ ಮೂರು ಕಾಲಿನ ಗಳಕ್ಕೋ ತೂಗುಹಾಕಿದ ಒಂದು ತಕ್ಕಡಿಯ ವಿಷಯ. ಪ್ರವಾಸಿಗರು ಅದನ್ನು ನೋಡುವುದಿಲ್ಲ. ಅವರ ಜೀಪು ಆಗಲೇ ಮುಂದೆ ಹೋಗಿರುತ್ತದೆ.

ಬೆಳಗಿನಿಂದ ಗಿಡದ ಬುಡದಲ್ಲಿ ನಿಂತು ಹಣ್ಣು ಬಿಡಿಸಿದ ಹೆಣ್ಣಾಳುಗಳು ಚೀಲಗಳನ್ನು ತಲೆಯ ಮೇಲೆ ಹೊತ್ತು ಬಂದು ಸಾಲಾಗಿ ನಿಲ್ಲುತ್ತಾರೆ. ಮೇಸ್ತ್ರಿ ಚೀಲವನ್ನು ಕೊಕ್ಕೆಗೆ ಸಿಕ್ಕಿಸುತ್ತಾನೆ. ರೈಟರ್ ಮುಳ್ಳನ್ನು ನೋಡಿ ಒಂದು ಅಂಕಿ ಹೇಳುತ್ತಾನೆ, ಪುಸ್ತಕದಲ್ಲಿ ಬರೆಯುತ್ತಾನೆ. ಆ ಅಂಕಿಯೇ ಆ ದಿನದ ಅನ್ನ. ಮುಳ್ಳು ಎಲ್ಲಿ ನಿಂತಿತೆಂದು ಚೀಲ ಹೊತ್ತು ತಂದವಳಿಗೆ ಕಾಣುವುದಿಲ್ಲ. ಕಂಡರೂ ಅನೇಕರಿಗೆ ಓದಲು ಬರುವುದಿಲ್ಲ. ಆ ಕ್ಷಣದಲ್ಲಿ ಅವಳ ಮತ್ತು ಅವಳ ಹಕ್ಕಿನ ನಡುವೆ ಇರುವುದು ಒಬ್ಬನೇ ಒಬ್ಬ ಮನುಷ್ಯನ ಮನಸ್ಸಾಕ್ಷಿ.

ಈ ಬೆಟ್ಟಸಾಲಿಗೆ ಕಾಫಿ ಬಂದದ್ದು ಹಜ್ಜ್ ನಿರ್ವಹಿಸಿ ಮರಳುತ್ತಿದ್ದ ಬಾಬಾಬುಡನ್ ಯಮನ್‌ನಿಂದ ತಂದ ಏಳು ಬೀಜಗಳಿಂದ ಎಂಬುದು ಬಹುಕಾಲದ ಪ್ರತೀತಿ. ನಮ್ಮವರು ಅದನ್ನು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಅಭಿಮಾನಪಡಲಿ, ತಪ್ಪೇನಿಲ್ಲ. ಆದರೆ ಹಾಜಿಯೊಬ್ಬರ ಕೈಯಿಂದ ಆರಂಭವಾಯಿತೆಂದು ನಾವು ಹೇಳುವ ಆ ಬೆಳೆಯನ್ನು ಇಂದು ತೂಗುವ ನಮ್ಮ ಕೈ ಎಂತಹದು ಎಂಬ ಪ್ರಶ್ನೆ ಅಭಿಮಾನಕ್ಕಿಂತ ಮೊದಲು ಬರಬೇಡವೇ?

ಪವಿತ್ರ ಕುರ್‌ಆನಿನ 83ನೇ ಅಧ್ಯಾಯದ ಹೆಸರೇ 'ಅಲ್ ಮುತಫ್ಫಿಫೀನ್'. ಅಳತೆ-ತೂಕಗಳಲ್ಲಿ ಕಡಿತ ಮಾಡುವವರು ಎಂದು ಅದರ ಅರ್ಥ. ಅದು ಆರಂಭವಾಗುವುದೇ ಅಂತಹವರಿಗೆ ವಿನಾಶದ ಎಚ್ಚರಿಕೆಯೊಂದಿಗೆ. ಜನರಿಂದ ತಾವು ಪಡೆಯುವಾಗ ಪೂರ್ತಿಯಾಗಿ ಅಳೆದು ಪಡೆಯುವ, ಇತರರಿಗೆ ಅಳೆದೋ ತೂಗಿಯೋ ಕೊಡುವಾಗ ಕಡಿಮೆ ಮಾಡುವ ಜನರ ಕುರಿತು ಅಲ್ಲಾಹನು ಅಲ್ಲಿ ಪ್ರಸ್ತಾಪಿಸಿ, ಒಂದು ಮಹಾದಿನದಂದು ತಾವು ಎಬ್ಬಿಸಲ್ಪಡುವೆವೆಂಬುದು ಇವರಿಗೆ ತೋಚುವುದಿಲ್ಲವೇ ಎಂದು ಕೇಳುತ್ತಾನೆ. ಗಮನಿಸಿ, ದೊಡ್ಡ ದರೋಡೆಯ ಮಾತು ಇಲ್ಲಿಲ್ಲ. 'ತಫೀಫ್' ಎಂಬ ಅರಬಿ ಪದದಲ್ಲಿಯೇ ಅಲ್ಪ, ಕ್ಷುಲ್ಲಕ ಎಂಬ ಧ್ವನಿಯಿದೆ. ಸ್ವಲ್ಪ, ಸ್ವಲ್ಪವೇ ಸ್ವಲ್ಪ. ಕೇಳಿದರೆ ಕೇಳುವವನಿಗೇ ನಾಚಿಕೆಯಾಗುವಷ್ಟು ಸ್ವಲ್ಪ. ಅದಕ್ಕೇ ಒಂದು ಅಧ್ಯಾಯ.

ಮದ್‌ಯನ್‌ನ ಜನತೆಯ ಕಥೆ ನಮಗೆಲ್ಲ ಗೊತ್ತು. ಏಕದೇವನನ್ನು ಆರಾಧಿಸಿರಿ, ಅಳತೆ ತೂಕಗಳಲ್ಲಿ ಕಡಿತ ಮಾಡಬೇಡಿರಿ ಎಂದು ಪ್ರವಾದಿ ಶುಐಬ್(ಅ) ಅವರಿಗೆ ಬೋಧಿಸಿದರು. ಅದಕ್ಕೆ ಅವರು ಕೊಟ್ಟ ಉತ್ತರವನ್ನು ಸೂರಃ ಹೂದ್ ತಿಳಿಸುತ್ತದೆ: ನಮ್ಮ ಸಂಪತ್ತಿನಲ್ಲಿ ನಾವು ಇಷ್ಟಬಂದಂತೆ ವ್ಯವಹರಿಸಬಾರದೆಂದು ನಿನ್ನ ನಮಾಝ್ ನಿನಗೆ ಆದೇಶಿಸುತ್ತದೆಯೇ ಎಂದು ಅವರು ಕುಚೋದ್ಯ ಮಾಡಿದರು. ನನಗನಿಸುವಂತೆ ಆ ಜನರು ನಮ್ಮಲ್ಲಿ ಹಲವರಿಗಿಂತ ಬುದ್ಧಿವಂತರು. ಶುಐಬ್(ಅ)ರ ನಮಾಝ್ ತಮ್ಮ ಅಂಗಡಿಯ ತಕ್ಕಡಿಯವರೆಗೆ ಬರುತ್ತದೆಂಬುದು ಅವರಿಗೆ ಅರ್ಥವಾಗಿತ್ತು, ಆದ್ದರಿಂದಲೇ ವಿರೋಧಿಸಿದರು. ನಾವಾದರೋ ವಿರೋಧಿಸುವುದಿಲ್ಲ. ನಮಾಝನ್ನು ಮಸೀದಿಯಲ್ಲಿಯೇ ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋಗುತ್ತೇವೆ.

ಪ್ರವಾದಿ ಮುಹಮ್ಮದ್(ಸ) ಒಮ್ಮೆ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದರ ಬಳಿ ನಿಂತು ಅದರೊಳಗೆ ಕೈ ಹಾಕಿದರು. ಬೆರಳಿಗೆ ತೇವ ತಗಲಿತು. ಇದೇನೆಂದು ಕೇಳಿದಾಗ, ಮಳೆ ಬಿದ್ದಿತ್ತು ಎಂದು ವ್ಯಾಪಾರಿ ಹೇಳಿದ. ಜನರು ನೋಡುವಂತೆ ಅದನ್ನು ಮೇಲ್ಭಾಗದಲ್ಲಿ ಏಕೆ ಇಡಲಿಲ್ಲ ಎಂದು ಪ್ರವಾದಿವರ್ಯರು(ಸ) ಪ್ರಶ್ನಿಸಿ, ಮೋಸ ಮಾಡುವವನು ತನಗೆ ಸೇರಿದವನಲ್ಲ ಎಂದರು. ಮುಸ್ಲಿಮ್ ಗ್ರಂಥದಲ್ಲಿರುವ ಈ ಹದೀಸನ್ನು ನಾವು ಎಷ್ಟು ಸಲ ಕೇಳಿದ್ದೇವೆ! ಆದರೆ ಅದರಲ್ಲಿನ ನ್ಯಾಯದ ಸೂಕ್ಷ್ಮವನ್ನು ನೋಡಿ. ಮಳೆ ಬಿದ್ದದ್ದು ವ್ಯಾಪಾರಿಯ ಅಪರಾಧವಲ್ಲ. ನೆನೆದ ಧಾನ್ಯ ಮಾರಬಾರದೆಂದೂ ಹೇಳಲಿಲ್ಲ. ಅಪರಾಧವಿದ್ದದ್ದು ಯಾವುದು ಮೇಲೆ, ಯಾವುದು ಕೆಳಗೆ ಎಂಬುದರಲ್ಲಿ.

ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ. ಜನವರಿಯಲ್ಲಿ ಅಕಾಲ ಮಳೆ ಬಂದು ಕಣದಲ್ಲಿ ಹರಡಿದ ಕಾಫಿ ನೆನೆಯುತ್ತದೆ. ಅರ್ಧ ಒಣಗಿದ್ದನ್ನು ಚೆನ್ನಾಗಿ ಒಣಗಿದ್ದರ ಜೊತೆ ಕಲಸಿ ಮೂಟೆ ಕಟ್ಟಿದರೆ ತೇವವೂ ತೂಕವಾಗುತ್ತದೆ. ಕಾಳುಮೆಣಸಿನ ಕಥೆಯೂ ಅಷ್ಟೇ. ಅದಕ್ಕೆ ಪರಂಗಿ ಬೀಜ ಬೆರೆಸುವವರೂ ಇದ್ದಾರೆ. ಬಯಲಿನ ಕಡೆ ಇಳಿದು ಬಂದರೆ ಈರುಳ್ಳಿ ಚೀಲದ ಬಾಯಲ್ಲಿ ದಪ್ಪ ಗಡ್ಡೆ, ತಳದಲ್ಲಿ ಗೋಲಿ. ಬೆಳೆಗಾರ ಹೀಗೆ ಮಾಡಿದರೆ ಕೊಳ್ಳುವವನು ಸುಮ್ಮನಿರುತ್ತಾನೆಯೇ? ಅವನ ಕೈಯಲ್ಲಿ ಬೇರೆಯೇ ತಕ್ಕಡಿಯಿದೆ. ಒಂದು ಮೂಟೆಯಿಂದ ಎಷ್ಟು ಕಿಲೋ ಶುದ್ಧ ಬೀಜ ಸಿಗುತ್ತದೆಂಬ 'ಔಟ್‌ಟರ್ನ್' ಲೆಕ್ಕದ ಮೇಲೆ ಕಾಫಿಯ ಬೆಲೆ ನಿರ್ಧಾರವಾಗುತ್ತದೆ. ಒಂದು ಹಿಡಿ ಮಾದರಿ ತೆಗೆದು, ಸಿಪ್ಪೆ ಬಿಡಿಸಿ, ತೂಗಿ ಅವನು ಹೇಳಿದ್ದೇ ಅಂಕಿ. ಐದು ಮೂಟೆ ತಂದ ಸಣ್ಣ ಬೆಳೆಗಾರ ಎದುರು ಮಾತನಾಡಲಾರ. ಮೂಟೆಗಳನ್ನು ಮತ್ತೆ ಗಾಡಿಗೆ ಹೇರಿ ಮನೆಗೆ ಒಯ್ಯುವುದುಂಟೇ? ಹೊರಗಿನಿಂದ ಸರಕು ತರುವವರನ್ನು ಅವರು ಪೇಟೆ ತಲುಪಿ ಬೆಲೆ ತಿಳಿಯುವ ಮೊದಲೇ ದಾರಿಯಲ್ಲಿ ಎದುರುಗೊಂಡು ಖರೀದಿಸುವುದನ್ನು ಪ್ರವಾದಿವರ್ಯರು(ಸ) ನಿಷೇಧಿಸಿದ್ದಾರೆ. ಇಂದು ಪೇಟೆಯ ಧಾರಣೆ ಎಲ್ಲರ ಮೊಬೈಲಿನಲ್ಲಿದೆ, ನಿಜ. ಆದರೆ ಒಬ್ಬನಿಗೆ ತಿಳಿದಿರುವುದು ಮತ್ತೊಬ್ಬನಿಗೆ ತಿಳಿಯದಿರುವ ಜಾಗ ಪ್ರತಿಯೊಂದು ಕಸುಬಿನಲ್ಲೂ ಉಳಿದೇ ಇದೆ. ಹೆಬ್ಬೆಗೆ ಹೊರಟ ಅಪರಿಚಿತನಿಗೆ ಜೀಪಿನ ಬಾಡಿಗೆ ಎಷ್ಟೆಂದು ತಿಳಿಯದು. ರೋಗಿಗೆ ಯಾವ ಪರೀಕ್ಷೆ ಅಗತ್ಯವೆಂದು ತಿಳಿಯದು. ಸ್ಕೂಟರ್ ತಂದವನಿಗೆ ಯಾವ ಬಿಡಿಭಾಗ ಕೆಟ್ಟಿತ್ತೆಂದು ತಿಳಿಯದು. ಇವರೆಲ್ಲ ನಮ್ಮ ಮುಖ ನೋಡಿ ನಿಂತಿರುತ್ತಾರೆ. ಮನುಷ್ಯನ ಚಾರಿತ್ರ್ಯ ಬಯಲಾಗುವುದು ಅಲ್ಲಿಯೇ.

ಸರಕಾರಿ ನೌಕರಿಯಲ್ಲಿರುವ ಸಹೋದರರು 'ನಮಗೆ ತಕ್ಕಡಿಯೇ ಇಲ್ಲವಲ್ಲ' ಎಂದುಕೊಂಡು ನೆಮ್ಮದಿಯಿಂದ ಕುಳಿತಿರಬಹುದು. ಅವರಿಗೊಂದು ಮಾತು. ಹೆಬ್ಬೆ ಎಂಬುದು ಭದ್ರಾ ಅಭಯಾರಣ್ಯದ ಒಂದು ವಲಯದ ಹೆಸರೂ ಹೌದು. ಆ ಕಾಡು 1998ರಲ್ಲಿ ಹುಲಿ ಯೋಜನೆಗೆ ಸೇರಿತು. 2001-02ರ ಸುಮಾರಿಗೆ ಅಭಯಾರಣ್ಯದ ಒಳಗಿನ ಹಳ್ಳಿಗಳ ನಾನ್ನೂರಕ್ಕೂ ಹೆಚ್ಚು ಕುಟುಂಬಗಳನ್ನು ಎಂ.ಸಿ. ಹಳ್ಳಿ ಮತ್ತು ಕೆಳಗೂರಿಗೆ ಸ್ಥಳಾಂತರಿಸಲಾಯಿತು. ದೇಶದಲ್ಲಿ ತಕ್ಕಮಟ್ಟಿಗೆ ಚೆನ್ನಾಗಿ ನಡೆದ ಸ್ಥಳಾಂತರಗಳ ಪೈಕಿ ಇದೂ ಒಂದೆಂದು ಅಧ್ಯಯನ ಮಾಡಿದವರು ಬರೆದಿದ್ದಾರೆ. ಅಂತಹ ಕೆಲಸದಲ್ಲಿ ಏನೇನಿರುತ್ತದೆಂದು ಯೋಚಿಸಿ ನೋಡಿ. ಯಾರ ಹಿತ್ತಿಲಲ್ಲಿ ಎಷ್ಟು ಮರ, ಯಾರ ಜಮೀನು ಎಷ್ಟು ಗುಂಟೆ, ಯಾರು ಕುಟುಂಬದ ಯಜಮಾನ, ಯಾರ ಹೆಸರು ಪಟ್ಟಿಯಲ್ಲಿದೆ, ಯಾರದು ಬಿಟ್ಟುಹೋಗಿದೆ. ಗುಮಾಸ್ತನ ಲೇಖನಿಯ ಒಂದು ಗೆರೆಯಲ್ಲಿ ಒಂದು ಮನೆ ನಿಲ್ಲುತ್ತದೆ ಅಥವಾ ಬೀಳುತ್ತದೆ. ತಲೆಮಾರುಗಳ ಊರನ್ನು ಬಿಟ್ಟು ಹೊರಟವನು ಆ ದಿನ ಹೋಗಿ ಯಾರನ್ನು ಕೇಳಬೇಕು? ಆ ಲೇಖನಿ ತಕ್ಕಡಿಯಲ್ಲವೇ?

ಝಕಾತ್ ಸಂಗ್ರಹಿಸಲು ಪ್ರವಾದಿವರ್ಯರು(ಸ) ನೇಮಿಸಿದ್ದ ಇಬ್ನುಲ್ಲುತ್‌ಬಿಯ್ಯಃ ಎಂಬವರು ಮರಳಿ ಬಂದು, ಇದು ನಿಮ್ಮದು, ಇದು ನನಗೆ ಉಡುಗೊರೆಯಾಗಿ ಸಿಕ್ಕಿದ್ದು ಎಂದು ಎರಡು ಪಾಲು ಮಾಡಿದರು. ಪ್ರವಾದಿವರ್ಯರು(ಸ) ಮಿಂಬರ್ ಏರಿ, ಈತನು ತನ್ನ ತಂದೆ ತಾಯಿಯ ಮನೆಯಲ್ಲಿ ಕುಳಿತಿದ್ದರೆ ಆ ಉಡುಗೊರೆ ಅಲ್ಲಿಗೆ ಬರುತ್ತಿತ್ತೋ ಎಂದು ಎಲ್ಲರ ಮುಂದೆ ಕೇಳಿದರು. ಈ ಒಂದು ಪ್ರಶ್ನೆಯ ಮುಂದೆ ನಮ್ಮ ಕಾಲದ 'ಕಾಫಿ ಕಾಸು', 'ಖುಷಿಯಿಂದ ಕೊಟ್ಟದ್ದು', 'ಹಬ್ಬದ ಬಾಬ್ತು' ಎಂಬ ಹೆಸರುಗಳಲ್ಲಿ ಯಾವುದು ನಿಲ್ಲುತ್ತದೆ? ನಮ್ಮ ಮಕ್ಕಳು ಶಾಲೆಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ದೀಪದ ಕಥೆಯನ್ನು ಕೇಳುತ್ತಾರೆ. ಸರಕಾರಿ ಕೆಲಸಕ್ಕೆ ಸರಕಾರದ ದೀಪ, ಸ್ವಂತ ಕೆಲಸಕ್ಕೆ ಸ್ವಂತ ದೀಪ. ಕೆಮ್ಮಣ್ಣುಗುಂಡಿಯ ಅದಿರು ಯಾವ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಹೋಗುತ್ತಿತ್ತೋ ಅದನ್ನು ಕಟ್ಟಿ ನಿಲ್ಲಿಸಿದವರು ಅವರು. ಇದೇ ದೀಪದ ಕಥೆಯನ್ನು ನಮ್ಮ ಮದ್ರಸಗಳಲ್ಲಿ ಖಲೀಫ ಉಮರ್ ಬಿನ್ ಅಬ್ದುಲ್ ಅಝೀಝ್(ರ)ರ ಬಗ್ಗೆ ಹೇಳುತ್ತೇವೆ. ಯಾರದು ಮೊದಲು ಎಂಬ ವಾದ ಬೇಡ. ಎರಡೂ ಕಥೆ ಕೇಳಿ ಬೆಳೆದವನು ಕಚೇರಿಯ ವಾಹನದಲ್ಲಿ ಮದುವೆಗೆ ಹೋಗುತ್ತಾನಲ್ಲ, ವಾದಿಸುವುದಿದ್ದರೆ ಅದರ ಬಗ್ಗೆ ವಾದಿಸೋಣ.

ಇಷ್ಟು ಹೊತ್ತು ಇತರರ ಮಾತಾಯಿತು. ಇನ್ನು ನನ್ನದನ್ನು ಹೇಳದಿದ್ದರೆ ನಾನೂ ನೆನೆದ ಧಾನ್ಯವನ್ನು ಕೆಳಗಿಟ್ಟು ಮಾರಿದವನಾಗುತ್ತೇನೆ.

1990ರ ದಶಕದ ಆರಂಭದಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ ನಾನು ಮಲೆನಾಡಿನ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದೆ. ತೋಟದ ಹೆಸರು ಬೇಡ. ಕೊಯ್ಲಿನ ಕಾಲಕ್ಕೆ ಬಯಲುಸೀಮೆಯಿಂದ ಸುಮಾರು ನಲವತ್ತು ಆಳುಗಳು ಬರುತ್ತಿದ್ದರು, ಹೆಚ್ಚಿನವರು ಹೆಂಗಸರು. ದಿನಕ್ಕೆ ಎರಡು ಬಾರಿ ತೂಕ. ಪ್ರತಿ ತೂಕಕ್ಕೂ 'ಚೀಲದ ಬಾಬ್ತು' ಎಂದು ಒಂದು ಕಿಲೋ ಕಳೆಯಬೇಕೆಂಬುದು ನಾನು ಸೇರುವ ಮೊದಲಿನಿಂದಲೂ ನಡೆದುಬಂದ ಪದ್ಧತಿ. ಪ್ಲಾಸ್ಟಿಕ್ ಎಳೆಯ ಆ ಚೀಲ ಎಷ್ಟೇ ಮಣ್ಣು, ತೇವ ಹಿಡಿದರೂ ಕಾಲು ಕಿಲೋ ದಾಟುತ್ತಿರಲಿಲ್ಲ. ಉಳಿದ ಮುಕ್ಕಾಲು ಕಿಲೋ? ನಾನು ಕೇಳಲಿಲ್ಲ. ಅದರಿಂದ ನನ್ನ ಜೇಬಿಗೆ ಒಂದು ಪೈಸೆಯೂ ಬರುತ್ತಿರಲಿಲ್ಲ. ಆದ್ದರಿಂದಲೇ ನಾನು ನಿರಪರಾಧಿ ಎಂದುಕೊಂಡಿದ್ದೆ. ಯಜಮಾನರ ಉಪ್ಪು ತಿಂದವನು ಯಜಮಾನರ ಲೆಕ್ಕ ಕಾಯಬೇಕು, ಇದು ಅಮಾನತ್ ಎಂದೂ ನನಗೆ ನಾನೇ ಹೇಳಿಕೊಂಡಿದ್ದೆ. ನಂಬಿಕಸ್ಥ ನೌಕರನೆಂಬ ಹೆಸರು ಬಂದಿತ್ತು. ಆ ಹೆಸರಿನ ಸುಖ ಕಡಿಮೆಯದೇ?

ಒಂದು ಮಧ್ಯಾಹ್ನ ವಯಸ್ಸಾದ ಹೆಂಗಸೊಬ್ಬರು ತಮ್ಮ ಚೀಲವನ್ನು ಸುರಿದ ಮೇಲೆ ಅಲ್ಲಿಂದ ಕದಲಲಿಲ್ಲ. "ರೈಟ್ರೇ, ಆ ಬರೀ ಚೀಲನ ಒಂದ್ಸಾರಿ ಕೊಕ್ಕೆಗೆ ಹಾಕಿ ನೋಡ್ರಲ್ಲ" ಎಂದರು. ಜಗಳದ ಧ್ವನಿಯಲ್ಲ, ಮಗನಿಗೆ ಹೇಳಿದ ಹಾಗೆ. ಸಾಲಿನಲ್ಲಿದ್ದವರೆಲ್ಲ ಸುಮ್ಮನಾದರು. ಮೇಸ್ತ್ರಿ ನನ್ನ ಮುಖ ನೋಡಿದ. ನಾನು ಕೈಗಡಿಯಾರ ನೋಡಿಕೊಂಡೆ. "ನಮಾಝಿಗೆ ಹೊತ್ತಾಯಿತು" ಎಂದು ಹೇಳಿ ಪುಸ್ತಕ ಮುಚ್ಚಿ ಹೊರಟೆ. ಹೊತ್ತು ಆಗಿದ್ದುದು ನಿಜ. ಅಂದು ನಾನು ಝುಹರ್ ನಮಾಝ್ ನಿರ್ವಹಿಸಿದೆ. ಮದ್‌ಯನ್‌ನ ಜನರು ಕೇಳಿದ್ದ ಪ್ರಶ್ನೆಗೆ ನಾನು ಹಾಗೆ ಉತ್ತರ ಕೊಟ್ಟಿದ್ದೆ.

ಎರಡು ಕೊಯ್ಲು ಮುಗಿಸಿ ಆ ಕೆಲಸ ಬಿಟ್ಟೆ. ವರ್ಷಗಳು ಕಳೆದವು. ರಮಝಾನಿನ ಒಂದು ಸಂಜೆ ಮುತಫ್ಫಿಫೀನ್ ಅಧ್ಯಾಯದ ವಿವರಣೆ ಕೇಳುತ್ತಾ ಕುಳಿತಿದ್ದಾಗ, ಲೆಕ್ಕ ಬರೆದು ಅಭ್ಯಾಸವಾದ ತಲೆ ತಾನಾಗಿಯೇ ಲೆಕ್ಕ ಹಾಕತೊಡಗಿತು. ನಲವತ್ತು ಜನ, ದಿನಕ್ಕೆ ಎರಡು ತೂಕ, ತೂಕಕ್ಕೆ ಮುಕ್ಕಾಲು ಕಿಲೋ. ಒಟ್ಟು 60 ಕಿಲೋ ಹಣ್ಣು. ಅದು ಕೈ ಚುರುಕಾದ ಒಬ್ಬ ಹೆಂಗಸಿನ ಪೂರ್ತಿ ಒಂದು ದಿನದ ಕೊಯ್ಲು. ಅಂದರೆ ಎರಡು ಕೊಯ್ಲಿನ ಪ್ರತಿ ದಿನವೂ, ನನ್ನ ಪುಸ್ತಕದಲ್ಲಿ ಹೆಸರಿಲ್ಲದ ಒಬ್ಬ ಹೆಂಗಸು, ಬೆಳಗಿನಿಂದ ಸಂಜೆಯವರೆಗೆ ಕೂಲಿಯಿಲ್ಲದೆ ದುಡಿದಿದ್ದಳು. ಕೆಲಸಗಾರನಿಂದ ಪೂರ್ತಿ ದುಡಿಮೆ ಪಡೆದು ಕೂಲಿ ಕೊಡದವನ ವಿರುದ್ಧ ಅಂತ್ಯದಿನದಲ್ಲಿ ತಾನೇ ವಾದಿಯಾಗುವೆನೆಂದು ಅಲ್ಲಾಹನು ಹೇಳಿರುವುದಾಗಿ ಬುಖಾರಿಯ ಹದೀಸಿನಲ್ಲಿದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮೌಲಾನಾ ಒಬ್ಬರ ಬಳಿ ಹೋಗಿ ಎಲ್ಲವನ್ನೂ ಹೇಳಿದೆ. ಲಾಭ ನನ್ನದಲ್ಲ, ಆಜ್ಞೆ ಯಜಮಾನರದು ಎಂದೂ ಸೇರಿಸಿದೆ. ಅವರು ಕೇಳಿದ್ದು ಒಂದೇ: "ಮುಳ್ಳು ನೋಡಿ ಅಂಕಿ ಹೇಳಿದ ನಾಲಗೆ ಯಾರದು?" ಸೃಷ್ಟಿಕರ್ತನ ಆಜ್ಞೆ ಮೀರುವಲ್ಲಿ ಸೃಷ್ಟಿಯ ಆಜ್ಞೆಗೆ ವಿಧೇಯತೆಯಿಲ್ಲವೆಂಬುದನ್ನು ನೆನಪಿಸಿದರು. ಪಶ್ಚಾತ್ತಾಪಪಟ್ಟರೆ ಸಾಲದೇ ಎಂದೆ. ಅಲ್ಲಾಹನಿಗೆ ಸಲ್ಲಬೇಕಾದದ್ದರಲ್ಲಿ ಆದ ಲೋಪವನ್ನು ಅವನು ಕ್ಷಮಿಸಿಯಾನು, ದಾಸರ ಹಕ್ಕು ದಾಸರಿಗೇ ಮರಳಬೇಕು ಎಂದರು. ನಮಾಝ್, ಉಪವಾಸ, ಝಕಾತ್‌ಗಳೊಂದಿಗೆ ಅಂತ್ಯದಿನದಲ್ಲಿ ಬಂದು, ತಾನು ಬೈದವರು, ಹೊಡೆದವರು, ಯಾರ ಸೊತ್ತು ತಿಂದನೋ ಅವರೆಲ್ಲರಿಗೆ ತನ್ನ ಸತ್ಕರ್ಮಗಳನ್ನು ಹಂಚಿ ಬರಿಗೈಯಾಗಿ, ಕೊನೆಗೆ ಅವರ ಪಾಪಗಳನ್ನೂ ಹೊತ್ತು ನರಕಕ್ಕೆ ಬೀಳುವವನೇ ನಿಜವಾದ ದಿವಾಳಿಕೋರ ಎಂದು ಪ್ರವಾದಿವರ್ಯರು(ಸ) ತಿಳಿಸಿದ ಹದೀಸನ್ನು ನಾನು ಅನೇಕ ಸಲ ಇತರರಿಗೆ ಹೇಳಿದ್ದೆ. ಅಂದು ಅದು ನನ್ನದೇ ಜಾತಕದಂತೆ ಕೇಳಿಸಿತು.

ಸಿಕ್ಕಿದವರಿಗೆ ಇಂದಿನ ಕೂಲಿಯ ದರದಲ್ಲಿ, ಅಂದಾಜು ಕಡಿಮೆಯಾಗದಂತೆ, ಕೊಟ್ಟುಬಿಡು. ಸಿಗದವರ ಪಾಲನ್ನು ಅವರ ಹೆಸರಿನಲ್ಲಿ ದಾನ ಮಾಡು. ಅದರ ಪುಣ್ಯವನ್ನು ನೀನು ನಿರೀಕ್ಷಿಸಬೇಡ, ಮುಂದೆ ಅವರು ಬಂದು ಕೇಳಿದರೆ ಮತ್ತೆ ಕೊಡಬೇಕಾದೀತು ಎಂದರು. ಇಬ್ನು ಮಸ್ಊದ್(ರ)ರು ಒಂದು ಖರೀದಿಯ ಬೆಲೆ ಕೊಡಲು ಮಾರಿದವನನ್ನು ಹುಡುಕಿ, ಸಿಗದೆ ಹೋದಾಗ ಅವನ ಪರವಾಗಿ ಹಾಗೆಯೇ ದಾನ ಮಾಡಿದ್ದರಂತೆ.

ಯಜಮಾನರು ಆಗಲೇ ತೀರಿಕೊಂಡಿದ್ದರು. ಅವರ ಮಗನಿಗೆ ವಿಷಯ ಹೇಳಿದೆ. ನಕ್ಕು, ಚಹಾ ಕುಡಿಸಿ ಕಳುಹಿಸಿದ. ಹಳೆಯ ಹಾಜರಿ ಪುಸ್ತಕ ಕೇಳಿದೆ, ಇಲ್ಲವೆಂದ. ಮನೆಯಲ್ಲಿ ಹೇಳಿದಾಗ ನನಗೆ ಭಯವಿತ್ತು, ಏಕೆಂದರೆ ಆ ಹಣ ಮಗಳ ಮದುವೆಗೆಂದು ಕೂಡಿಟ್ಟದ್ದರಿಂದ ಹೋಗಬೇಕಿತ್ತು. ಹಿಂದಿನ ಕಾಲದ ಹೆಂಗಸರು ಗಂಡಂದಿರು ದುಡಿಮೆಗೆ ಹೊರಡುವಾಗ, ಹಸಿವನ್ನು ತಾಳಿಕೊಂಡೇವು, ನರಕದ ಬೆಂಕಿಯನ್ನು ತಾಳಲಾರೆವು, ಹರಾಮ್ ಸಂಪಾದನೆ ತರಬೇಡಿ ಎಂದು ಹೇಳಿ ಕಳುಹಿಸುತ್ತಿದ್ದರೆಂದು ಗ್ರಂಥಗಳಲ್ಲಿ ಓದಿದ್ದೇನೆ. ನನ್ನ ಮನೆಯವಳು ಅಷ್ಟು ದೊಡ್ಡ ಮಾತು ಆಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಸ್ಸು ಎಷ್ಟು ಗಂಟೆಗೆ?" ಎಂದಳು.

ಕಡೂರಿನ ಕಡೆಯ ಎರಡು ಹಳ್ಳಿಗಳಲ್ಲಿ ಹುಡುಕಿದೆ. ನಲವತ್ತು ಜನರಲ್ಲಿ ಸಿಕ್ಕಿದ್ದು ಏಳು ಮನೆ. ಒಬ್ಬರಿಗೆ ನನ್ನ ನೆನಪೇ ಇರಲಿಲ್ಲ. ಒಬ್ಬರು "ಎಲ್ಲ ತೋಟದಾಗೂ ಹಂಗೇ ಅಲ್ವಾ" ಎಂದು ತೆಗೆದುಕೊಳ್ಳಲು ಒಪ್ಪಲಿಲ್ಲ, ಬಲವಂತ ಮಾಡಬೇಕಾಯಿತು. ಎಲ್ಲ ತೋಟಗಳಲ್ಲೂ ಹಾಗೆಯೇ ಎಂಬ ಆ ಮಾತು ನನಗೆ ಬೈಗುಳಕ್ಕಿಂತ ಕಠಿಣವಾಗಿತ್ತು. ಈಗ ಎಷ್ಟೋ ತೋಟಗಳಲ್ಲಿ ಅಂಕಿ ಬೆಳಗುವ ವಿದ್ಯುನ್ಮಾನ ತಕ್ಕಡಿ ಬಂದಿದೆ. ತಕ್ಕಡಿಗಳಿಗೆ ಕಾಲಕಾಲಕ್ಕೆ ಇಲಾಖೆಯ ಮುದ್ರೆ ಬೀಳಬೇಕೆಂಬ ಕಾನೂನಿದೆ. ಕೊಯ್ಲಿಗೆ ಅಸ್ಸಾಮಿನಿಂದಲೂ ಜನ ಬರುತ್ತಾರೆ. ಅವರಿಗೆ ನಮ್ಮ ಭಾಷೆಯೂ ಬಾರದು, ಚೀಲ ತೂಗಿ ನೋಡಿ ಎಂದು ಕೇಳಲು. ಮುದ್ರೆ ಬೀಳುವುದು ತಕ್ಕಡಿಗೆ. ಎಷ್ಟು ಕಳೆಯಬೇಕೆಂದು ಹೇಳುವ ಬಾಯಿಗೆ ಯಾವ ಇಲಾಖೆಯೂ ಮುದ್ರೆ ಹಾಕಲಾರದು.

ಬರಿ ಚೀಲ ತೂಗಲು ಹೇಳಿದ್ದ ಆ ತಾಯಿ ತೀರಿಹೋಗಿ ನಾಲ್ಕು ವರ್ಷವಾಗಿತ್ತು. ಮಗಳು ಮನೆಯಲ್ಲಿದ್ದರು. ನಾನು ಯಾರು, ಏಕೆ ಬಂದೆ ಎಂಬುದನ್ನು ಹೊಸ್ತಿಲಲ್ಲಿ ಕುಳಿತು ಹೇಳಿದೆ. ಆಕೆ ಪೂರ್ತಿ ಕೇಳಿ, ಹಣ ಎಣಿಸಿ, ಸೆರಗಿನ ತುದಿಗೆ ಕಟ್ಟಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡರು.

"ಒಂದು ಚೀಟಿ ಬರ್ಕೊಡಿ ಅಣ್ಣಾ. ಇದು ನಮ್ಮವ್ವನ ದುಡ್ಡು. ಇದ್ರಾಗೆ ನನ್ನ ತಂಗೀಗೂ ಪಾಲೈತೆ. ಅವಳಿಗೆ ತೋರಿಸ್ಬೇಕು."

ಅವರ ಮಗು ಶಾಲೆಯ ಪುಸ್ತಕದಿಂದ ಹಾಳೆ ಹರಿದು ಕೊಟ್ಟಿತು. ತಾಯಿಯ ಹೆಸರು, ಹಣದ ಮೊತ್ತ ಬರೆದು ಸಹಿ ಹಾಕಿದೆ. ಆಕೆ ಮಗುವಿನಿಂದ ಓದಿಸಿ ಕೇಳಿದರು. "ಚೀಲದ ಲೆಕ್ಕ ಅಂತನೂ ಬರೀರಿ" ಎಂದರು. ಹಾಳೆಯನ್ನು ಮತ್ತೆ ಮಂಡಿಯ ಮೇಲಿಟ್ಟುಕೊಂಡು ಬರೆದೆ.